ಮೂರು ಲಕ್ಷದ ವಿಆರ್ ಹೆಡ್‌ಸೆಟ್ ತರಿಸಬೇಕೆ? ಯಾರ ಮುಖಕ್ಕೆ ಅಂತ ಮೊದಲು ಹೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಸ್ತುವಿನ ಬಗ್ಗೆ ಇದ್ದವು. ಅದಕ್ಕೇ ಮೊಬೈಲು, ಇನ್ವರ್ಟರು ಎಲ್ಲವನ್ನೂ ಮುಂದಿನ ಸಂಚಿಕೆಗೆ ಇಟ್ಟು, ಪೂರ್ತಿ ಜಾಗವನ್ನು ವಿಆರ್ ಹೆಡ್‌ಸೆಟ್ಟಿಗೇ ಬಿಟ್ಟಿದ್ದೇನೆ. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಹೆಡ್‌ಸೆಟ್ ಅಂದರೆ ಕಣ್ಣಿಗೆ ಕಟ್ಟಿಕೊಂಡು ಒಳಗಿನ ಪುಟ್ಟ ಪರದೆಗಳಲ್ಲಿ ಚಿತ್ರ ನೋಡುವ ಸಾಧನ. ಮೊದಲ ಉತ್ತರ ಉದ್ದವಾಗಿದೆ. ಅದರಲ್ಲಿ ದುಡ್ಡೂ ಜಾಸ್ತಿ, ಮನೆಯ ಜನರೂ ಜಾಸ್ತಿ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 63. ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ದಸರಾಕ್ಕೆ ಬರುವಾಗ ಆಪಲ್ ವಿಷನ್ ಪ್ರೊ ತರುತ್ತೇನೆ, ಮನೆಯವರೆಲ್ಲ ನೋಡಬಹುದು ಅಂತ ಮಗಳು ಹಟ ಹಿಡಿದಿದ್ದಾಳೆ. ಅಳಿಯಂದಿರು ಅಷ್ಟೆಲ್ಲ ಬೇಡ, ಮೆಟಾ ಕ್ವೆಸ್ಟ್ 3 ಸಾಕು ಎನ್ನುತ್ತಾರೆ. ಮನೆಯಲ್ಲಿ ನಾನು, ನನ್ನ ಹೆಂಡತಿ, 84 ವರ್ಷದ ತಾಯಿ, ಮತ್ತೆ ನಮ್ಮಲ್ಲೇ ಇದ್ದು ಪಿಯುಸಿ ಓದುತ್ತಿರುವ ತಮ್ಮನ ಮಗ ಇದ್ದೇವೆ. ನನಗೆ ದೂರಕ್ಕೂ ಹತ್ತಿರಕ್ಕೂ ಕನ್ನಡಕ ಬೇಕು. ಹಾಲ್ 12 ಅಡಿಗೆ 14 ಅಡಿ. ಹಳೇ ಸಿನಿಮಾ ನೋಡಬೇಕು, ಮೊಮ್ಮಗಳ ವಿಡಿಯೊ ನೋಡಬೇಕು, ಹುಡುಗ ಸ್ವಲ್ಪ ಆಟ ಆಡಬೇಕು, ಇಷ್ಟೇ ಆಸೆ. ಯಾವುದು ತರಿಸಲಿ? (ಕುವೆಂಪುನಗರ, ಮೈಸೂರು)

ಉತ್ತರ: ಸರ್, ನಿಮ್ಮ ಮನೆಗೆ ಅಳಿಯಂದಿರು ಹೇಳಿದ್ದೇ ಸರಿ. ಹಾಗಂತ ಮಗಳು ಆಸೆಪಟ್ಟಿದ್ದು ತಪ್ಪೇನಲ್ಲ. ಅವರು ಬಹುಶಃ ಅಲ್ಲಿನ ಅಂಗಡಿಯಲ್ಲಿ ಅರ್ಧ ಗಂಟೆ ಅದನ್ನು ಹಾಕಿಕೊಂಡು ನೋಡಿರಬೇಕು. ಹಾಕಿ ನೋಡಿದ ಯಾರಿಗಾದರೂ ಅಪ್ಪ ಅಮ್ಮನಿಗೂ ತೋರಿಸಬೇಕು ಅನ್ನಿಸುತ್ತದೆ. ಅಷ್ಟು ಚೆನ್ನಾಗಿದೆ ಅದರ ಚಿತ್ರ.

ಚಿತ್ರದ ಮಾತನ್ನೇ ಮೊದಲು ಮುಗಿಸೋಣ. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ, ಚಿತ್ರ ಮೂಡುವುದೇ ಅವುಗಳಿಂದ. ವಿಷನ್ ಪ್ರೊದ ಎರಡು ಪುಟ್ಟ ಪರದೆಗಳಲ್ಲಿ ಒಟ್ಟು 2.3 ಕೋಟಿ. ಅಂದರೆ ಒಂದೊಂದು ಕಣ್ಣಿಗೂ 4ಕೆ ಟಿವಿಗಿಂತ ಜಾಸ್ತಿ. ಕ್ವೆಸ್ಟ್ 3ರಲ್ಲಿ ಒಂದು ಕಣ್ಣಿಗೆ 2064ಕ್ಕೆ 2208, ಸುಮಾರು 45 ಲಕ್ಷ. ಆದರೆ ಈ ಲೆಕ್ಕವನ್ನು ಟಿವಿ ಲೆಕ್ಕದ ಹಾಗೆ ಓದಬೇಡಿ. ಹಾಲ್‌ನ ಆ ಕೊನೆಯಲ್ಲಿರುವ ಟಿವಿ ನಮ್ಮ ನೋಟದಲ್ಲಿ ಸ್ವಲ್ಪ ಜಾಗ ಮಾತ್ರ ಹಿಡಿಯುತ್ತದೆ, ಹೆಡ್‌ಸೆಟ್ಟು ಅದೇ ಚುಕ್ಕಿಗಳನ್ನು ಕಣ್ಣು ಹಾಯುವ ಕಡೆಗೆಲ್ಲ ಹರಡಬೇಕು. ಒಂದು ಡಬ್ಬಿ ಬಣ್ಣವನ್ನು ಬಾಗಿಲಿಗೆ ಬಳಿದರೆ ದಟ್ಟವಾಗಿ ಕೂರುತ್ತದೆ, ಇಡೀ ಗೋಡೆಗೆ ಬಳಿದರೆ ತೆಳುವಾಗುತ್ತದೆ ಅಲ್ವಾ, ಹಾಗೆ. ಅದಕ್ಕೇ ಇಲ್ಲಿ ನೋಡಬೇಕಾದ್ದು ಒಂದು ಡಿಗ್ರಿ ನೋಟಕ್ಕೆ ಎಷ್ಟು ಚುಕ್ಕಿ ಅನ್ನುವುದು. ಒಳ್ಳೆಯ ಕಣ್ಣು ಡಿಗ್ರಿಗೆ 60ರ ತನಕ ಗುರುತಿಸುತ್ತದೆ. ಕ್ವೆಸ್ಟ್ 3ಕ್ಕೆ ಮೆಟಾ ಹೇಳುವುದು 25. ವಿಷನ್ ಪ್ರೊ ಬಿಚ್ಚಿ ಅಳೆದವರ ಲೆಕ್ಕ ಸುಮಾರು 34. ವ್ಯತ್ಯಾಸ ಇದೆ, ಸಣ್ಣ ಅಕ್ಷರ ಓದುವಾಗ ಚೆನ್ನಾಗಿಯೇ ಗೊತ್ತಾಗುತ್ತದೆ. ದಿನಾ ಅದರಲ್ಲೇ ಕಂಪ್ಯೂಟರ್ ಕೆಲಸ ಮಾಡುವವರಿಗೆ ಅದು ದೊಡ್ಡ ವಿಷಯ. ನಿಮ್ಮ ಪಟ್ಟಿಯಲ್ಲಿ ಆ ಕೆಲಸ ಇಲ್ಲ.

ನೀವು ಹೇಳಿದ್ದು ಹಳೇ ಸಿನಿಮಾ. ನಮ್ಮ ಹಳೆಯ ಕನ್ನಡ ಸಿನಿಮಾಗಳು ಯೂಟ್ಯೂಬ್‌ನಲ್ಲಿ ಸಿಗುವುದು ಬಹಳ ಸಲ ಮಸುಕಾದ ಪ್ರಿಂಟಿನಲ್ಲಿ. ಟಿವಿಯಲ್ಲಿ ಅದು ನಡೆಯುತ್ತದೆ. ಹೆಡ್‌ಸೆಟ್ಟಿನಲ್ಲಿ ಥಿಯೇಟರ್ ಪರದೆಯಷ್ಟು ದೊಡ್ಡದು ಮಾಡಿದಿರೋ, ಮುಖಗಳೆಲ್ಲ ಕದಡಿ ಹೋಗುತ್ತವೆ. ಯಂತ್ರ ಎಷ್ಟೇ ದುಬಾರಿಯಾದರೂ ಪ್ರಿಂಟಿನಲ್ಲಿ ಇಲ್ಲದ್ದನ್ನು ತೋರಿಸಲಾರದು. ಇನ್ನೊಂದು, ನಮ್ಮ ಸಿನಿಮಾ ಎರಡೂವರೆ ಗಂಟೆ. ಮೊದಲ ವಿಷನ್ ಪ್ರೊ ಬ್ಯಾಟರಿಗೆ ಕಂಪನಿ ಕೊಟ್ಟ ಲೆಕ್ಕವೇ ಎರಡು ಗಂಟೆ, ಬರೀ ವಿಡಿಯೊ ಆದರೆ ಎರಡೂವರೆ. ಕ್ವೆಸ್ಟ್ 3 ಕೂಡ ಎರಡು ಗಂಟೆ ಚಿಲ್ಲರೆ. ಚಾರ್ಜರ್ ಸಿಕ್ಕಿಸಿಕೊಂಡು ಕೂರಬಹುದು, ಆದರೆ ಆಗ ಪ್ಲಗ್ ಪಾಯಿಂಟ್ ಪಕ್ಕದ ಕುರ್ಚಿಯೇ ಗತಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮಗಳು 'ಮನೆಯವರೆಲ್ಲ ನೋಡಬಹುದು' ಅಂದರಲ್ಲ, ತೊಡಕು ಇರುವುದೇ ಅಲ್ಲಿ. ಟಿವಿ ತರುವುದು ಮನೆಗೆ, ಕನ್ನಡಕ ತರುವುದು ಒಬ್ಬರ ಮುಖಕ್ಕೆ. ವಿಷನ್ ಪ್ರೊ ಕನ್ನಡಕದ ಜಾತಿಗೆ ಸೇರಿದ್ದು. ಅದನ್ನು ಕೊಳ್ಳುವಾಗ ಐಫೋನ್ ಮುಂದೆ ಮುಖ ಅತ್ತಿತ್ತ ತಿರುಗಿಸಿ ಅಳತೆ ಕೊಡಬೇಕು. ಆ ಅಳತೆ ನೋಡಿ ಮುಖಕ್ಕೆ ಒತ್ತಿ ಕೂರುವ ಮೆತ್ತೆ, ತಲೆಪಟ್ಟಿ ಎರಡರ ಸೈಜನ್ನೂ ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮಗಳು ತಮ್ಮ ಮುಖ ತೋರಿಸಿ ಕೊಂಡರೆ ಆ ಮೆತ್ತೆ ಅವರದೇ. ನಿಮ್ಮ ಮುಖಕ್ಕೆ ಸಂದಿಯಲ್ಲಿ ಬೆಳಕು ನುಗ್ಗಬಹುದು, ಇಲ್ಲವೇ ಕೆನ್ನೆಮೂಳೆ ಮೇಲೆ ಒತ್ತಬಹುದು. ಒಳಗೆ ಕನ್ನಡಕ ಹಾಕುವ ಹಾಗೂ ಇಲ್ಲ. ಪವರ್ ಇರುವವರು ಝೈಸ್ ಕಂಪನಿಯ ಲೆನ್ಸ್ ಮಾಡಿಸಿ ಒಳಗೆ ಕೂರಿಸಬೇಕು. ಓದುವ ಪವರ್‌ನದಕ್ಕೆ 99 ಡಾಲರ್, ಚೀಟಿ ನೋಡಿ ಮಾಡುವುದಕ್ಕೆ 149 ಡಾಲರ್. ನಿಮ್ಮದು ಒಂದು ಜೊತೆ, ನಿಮ್ಮ ಮನೆಯವರದು ಇನ್ನೊಂದು ಜೊತೆ, ಅಜ್ಜಿಯದು ಮತ್ತೊಂದು. ಒಬ್ಬರು ತೆಗೆದು ಇನ್ನೊಬ್ಬರು ಹಾಕಿಕೊಳ್ಳುವಾಗಲೆಲ್ಲ ಇವನ್ನು ಬದಲಿಸುತ್ತಾ ಇರಬೇಕು.

ಅಲ್ಲಿಗೂ ಮುಗಿಯುವುದಿಲ್ಲ. ವಿಷನ್ ಪ್ರೊ ನಡೆಯುವುದೇ ಕಣ್ಣಿನ ನೋಟದಿಂದ. ನೋಡಿದ ಗುಂಡಿ ಎದ್ದು ತೋರುತ್ತದೆ, ಹೆಬ್ಬೆರಳು ತೋರುಬೆರಳು ಸೇರಿಸಿ ಚಿವುಟಿದರೆ ಒತ್ತಿದ ಹಾಗೆ. ಎಷ್ಟು ಸಲೀಸು ಅಂದರೆ ಹತ್ತು ನಿಮಿಷದಲ್ಲಿ ಮೌಸ್ ಮರೆತೇ ಹೋಗುತ್ತದೆ. ಆದರೆ ಅದು ಕಲಿತಿರುವುದು ಒಬ್ಬರ ಕಣ್ಣನ್ನು. ಬೀಗ ತೆಗೆಯುವುದೂ ಆ ಒಬ್ಬರ ಕಣ್ಣಿನ ಗುರುತಿನಿಂದ. ಬೇರೆಯವರನ್ನು ಅತಿಥಿ ಅಂತ ಒಳಗೆ ಬಿಡಬೇಕು, ಅವರು ಯಂತ್ರ ತೋರಿಸುವ ಚುಕ್ಕಿಗಳನ್ನೆಲ್ಲ ನೋಡಿ ಕಣ್ಣು, ಕೈ ಹೊಂದಿಸಿಕೊಳ್ಳಬೇಕು. 84 ವರ್ಷದ ನಿಮ್ಮ ತಾಯಿಗೆ ಇದನ್ನು ಎಷ್ಟು ಸಲ ಮಾಡಿಸಲು ಆಗುತ್ತದೆ, ನೀವೇ ಹೇಳಿ.

ತೂಕದ ಬಗ್ಗೆ ಒಂದು ಮಾತು. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಬಂದ ಮೊದಲ ವಿಷನ್ ಪ್ರೊ 600ರಿಂದ 650 ಗ್ರಾಂ. ಬ್ಯಾಟರಿ ಬೇರೆ, 353 ಗ್ರಾಂ, ಅದು ಜೇಬಿನಲ್ಲಿ. 2025ರ ಅಕ್ಟೋಬರ್‌ನಲ್ಲಿ ಎಂ5 ಚಿಪ್ಪಿನ ಹೊಸದು ಬಂತು. ಬೆಲೆ ಅದೇ 3,499 ಡಾಲರ್, ಅಂದರೆ ಮೂರು ಲಕ್ಷ ರೂಪಾಯಿ ಹತ್ತಿರ. ಅದರ ಹೊಸ ತಲೆಪಟ್ಟಿ ಆರಾಮವಾಗಿದೆ, ಆದರೆ ತೂಕ ಬ್ಯಾಟರಿ ಬಿಟ್ಟೇ 750ರಿಂದ 800 ಗ್ರಾಂಗೆ ಏರಿದೆ. ಕ್ವೆಸ್ಟ್ 3 ಬ್ಯಾಟರಿಯೂ ಸೇರಿ 515 ಗ್ರಾಂ, ಸುಮಾರು ಒಂದು ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ಟಿನಷ್ಟು. ಕೈಯಲ್ಲಿ ಹಿಡಿದರೆ ಅದೇನು ಭಾರ ಅನ್ನಿಸುತ್ತದೆ. ಹಣೆಯ ಮುಂದೆ ತೂಗುಹಾಕಿಕೊಂಡು ಮುಕ್ಕಾಲು ಗಂಟೆ ಕೂತರೆ ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತದೆ. ಕತ್ತು ನೋವು, ಸ್ಪಾಂಡಿಲೈಟಿಸ್ ಇರುವವರು ಮನೆಯಲ್ಲಿದ್ದರೆ ಇದೊಂದೇ ಕಾರಣಕ್ಕೆ ಹಗುರವಾದದ್ದನ್ನು ಆರಿಸಬೇಕು. ಕ್ವೆಸ್ಟ್ 3 ಜೊತೆ ಬರುವ ಬಟ್ಟೆಯ ಪಟ್ಟಿ ಸಾಲದು. ಹಿಂದಲೆಗೆ ಆನಿಕೆ ಕೊಡುವ ಗಟ್ಟಿ ಪಟ್ಟಿಯೊಂದನ್ನು ಜೊತೆಗೇ ತರಿಸಿ, ಆ ದುಡ್ಡು ವ್ಯರ್ಥವಾಗುವುದಿಲ್ಲ.

ನಿಮ್ಮ ಕನ್ನಡಕದ ವಿಷಯ. ಕ್ವೆಸ್ಟ್ 3 ಒಳಗೆ ಕನ್ನಡಕ ಹಾಕಿಕೊಂಡೇ ನೋಡಬಹುದು, ಮೆತ್ತೆಯನ್ನು ಸ್ವಲ್ಪ ಮುಂದೆ ಎಳೆದುಕೊಳ್ಳುವ ವ್ಯವಸ್ಥೆ ಇದೆ. ಆದರೆ ನಿಮ್ಮ ಗಾಜು ಅದರ ಲೆನ್ಸಿಗೆ ಉಜ್ಜದ ಹಾಗೆ ನೋಡಿಕೊಳ್ಳಿ, ಒಮ್ಮೆ ಗೀರು ಬಿದ್ದರೆ ಹೋಗುವುದಿಲ್ಲ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ಪರದೆ ಕಣ್ಣಿನ ಹತ್ತಿರವೇ ಇದ್ದರೂ ಲೆನ್ಸು ಅದನ್ನು ಒಂದೆರಡು ಮೀಟರ್ ದೂರದಲ್ಲಿದ್ದ ಹಾಗೆ ತೋರಿಸುತ್ತದೆ. ಹಾಗಾಗಿ ಬರೀ ಚಾಳೀಸು ಇರುವವರಿಗೆ ಓದುವ ಕನ್ನಡಕ ಸಾಮಾನ್ಯವಾಗಿ ಬೇಕಾಗುವುದಿಲ್ಲ. ದೂರದ ಪವರ್ ಇರುವವರಿಗೆ ಆ ಪವರ್ ಬೇಕು. ನಿಮ್ಮದು ಮೇಲೆ ದೂರ, ಕೆಳಗೆ ಹತ್ತಿರ ಇರುವ ಗಾಜಾದರೆ ಕೆಳಭಾಗ ಮಂಜಾಗಿ ಕಾಣುತ್ತದೆ. ದೂರದ ಪವರ್ ಮಾತ್ರ ಇರುವ ಹಳೆಯ ಕನ್ನಡಕ ಬೀರುವಿನಲ್ಲಿ ಇದ್ದರೆ ಹುಡುಕಿ ಇಟ್ಟುಕೊಳ್ಳಿ. ಹಾಗೆಯೇ ಕನ್ನಡಕದ ಅಂಗಡಿಗೆ ಹೋಗಿ ಮನೆಯವರೆಲ್ಲರ ಪಿಡಿ ಅಳೆಸಿ ಬರೆಸಿಕೊಳ್ಳಿ. ಪಿಡಿ ಅಂದರೆ ಎರಡು ಕಣ್ಣುಪಾಪೆಗಳ ನಡುವಿನ ಅಂತರ, ದೊಡ್ಡವರಲ್ಲಿ ಸರಾಸರಿ 63 ಮಿ.ಮೀ. ಕ್ವೆಸ್ಟ್ 3ರಲ್ಲಿ ಒಂದು ಚಕ್ರ ತಿರುಗಿಸಿ 58ರಿಂದ 71ರ ತನಕ ಹೊಂದಿಸಬಹುದು. ವಿಷನ್ ಪ್ರೊ 51ರಿಂದ 75ರ ತನಕ ತಾನೇ ಹೊಂದಿಸಿಕೊಳ್ಳುತ್ತದೆ. ಇದೊಂದು ವಿಷಯದಲ್ಲಿ ಅದು ಮೇಲು. ಪಿಡಿ ತಪ್ಪಿದರೆ ಚಿತ್ರ ಚೆನ್ನಾಗಿಯೇ ಕಂಡ ಹಾಗೆ ಇರುತ್ತದೆ, ಆದರೆ ಇಪ್ಪತ್ತು ನಿಮಿಷಕ್ಕೆ ಕಣ್ಣು ನೋಯಲು ಶುರುವಾಗುತ್ತದೆ, ಕಾರಣ ಏನೆಂದು ಗೊತ್ತಾಗುವುದೇ ಇಲ್ಲ.

ನನ್ನ ಮನೆಯ ಅನುಭವ ಹೇಳುತ್ತೇನೆ. ಅಕ್ಕನ ಮಗ ಬೆಂಗಳೂರಿನಿಂದ ತನ್ನ ಹೆಡ್‌ಸೆಟ್ಟನ್ನು ಒಂದು ತಿಂಗಳು ನಮ್ಮಲ್ಲಿ ಬಿಟ್ಟಿದ್ದ. ಯಾರು ಎಷ್ಟು ಹೊತ್ತು ಹಾಕಿಕೊಂಡರು ಅಂತ ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೊದಲ ವಾರ ಮನೆಯವರು, ಪಕ್ಕದ ಮನೆಯ ಮಕ್ಕಳು, ಗ್ಯಾಸ್ ಸ್ಟವ್ ರಿಪೇರಿಗೆ ಬಂದವರು ಕೂಡ ಹಾಕಿಕೊಂಡರು. ಮೂರನೇ ವಾರಕ್ಕೆ ಉಳಿದದ್ದು ಇಬ್ಬರು. ಒಬ್ಬಳು ನನ್ನ ಮಗಳು, ಹಾಡಿಗೆ ತಕ್ಕಂತೆ ಕೈ ಬೀಸುವ ಆಟ ದಿನಾ ಅರ್ಧ ಗಂಟೆ ಆಡುತ್ತಿದ್ದಳು. ಇನ್ನೊಬ್ಬರು ನಮ್ಮ ಅಮ್ಮ. ಇದನ್ನು ನಾನು ಎಣಿಸಿರಲಿಲ್ಲ. ಮೊದಲ ದಿನ ಅಮ್ಮ ನಾಲ್ಕೇ ನಿಮಿಷಕ್ಕೆ ತೆಗೆದುಬಿಟ್ಟಿದ್ದರು. ತಲೆಸುತ್ತಿತೇ ಅಂತ ಕೇಳಿದೆ. ಇಲ್ಲ, ಬಾಗಿಲು ತೆಗೆದಿದೆ, ಯಾರು ಬಂದರು ಅಂತ ಕಾಣುವುದಿಲ್ಲ, ಕಳವಳ ಆಗುತ್ತದೆ ಅಂದರು. ಆಮೇಲೆ ಕ್ಯಾಮೆರಾ ಮೂಲಕ ನಮ್ಮ ಹಾಲ್ ಕಾಣುವ ಹಾಗೆ ಮಾಡಿ, ಗೋಡೆ ಮೇಲೆ ಪರದೆ ತೂಗುಹಾಕಿ ಕೊಟ್ಟೆ. ಬಾಗಿಲು ಕಾಣುತ್ತಿತ್ತು, ನಾನೂ ಕಾಣುತ್ತಿದ್ದೆ. ಅವತ್ತಿನಿಂದ ಅಮ್ಮ ಇಪ್ಪತ್ತು ನಿಮಿಷ ಆರಾಮವಾಗಿ ಕೂತು ನೋಡುತ್ತಿದ್ದರು. ವಯಸ್ಸಾದವರಿಗೆ ಕೊಡುವುದಾದರೆ ಸುತ್ತಲಿನ ಕೋಣೆ ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆಯೇ ಅನ್ನುವುದನ್ನೇ ಮೊದಲು ನೋಡಿ. ವಿಷನ್ ಪ್ರೊದಲ್ಲಿ ಅದು ಬಹಳ ಚೆನ್ನಾಗಿದೆ. ಕ್ವೆಸ್ಟ್ 3ರಲ್ಲಿ ಸ್ವಲ್ಪ ಕಾಳುಕಾಳಾಗಿ ಕಾಣುತ್ತದೆ, ಆದರೂ ಸಾಕು. ಮುಂಚಿನ ಕ್ವೆಸ್ಟ್ 2ರಲ್ಲಿ ಕಪ್ಪುಬಿಳುಪು ಅಷ್ಟೇ.

ಮೊಮ್ಮಗಳ ವಿಡಿಯೊಗೆ ಬರೋಣ, ನನಗೆ ಅನ್ನಿಸುವುದು ಮಗಳ ಮನಸ್ಸಿನಲ್ಲಿ ಮುಖ್ಯವಾಗಿ ಇರುವುದು ಅದೇ. ಐಫೋನ್ 15 ಪ್ರೊ ಮತ್ತು ಆಮೇಲೆ ಬಂದ ಹೆಚ್ಚಿನ ಮಾದರಿಗಳಲ್ಲಿ ಆಳವೂ ಸೇರಿದ ವಿಡಿಯೊ ತೆಗೆಯಬಹುದು. ಹೆಡ್‌ಸೆಟ್ಟಿನಲ್ಲಿ ನೋಡಿದರೆ ಮಗು ಪರದೆ ಮೇಲಿನ ಚಿತ್ರದ ಹಾಗೆ ಇರುವುದಿಲ್ಲ, ಅಷ್ಟು ದೂರದಲ್ಲಿ ಅಷ್ಟೇ ಎತ್ತರಕ್ಕೆ ಕೂತಿರುತ್ತದೆ. ಚಾಮುಂಡಿ ಬೆಟ್ಟದ ನಂದಿಯ ಫೋಟೊ ಎಷ್ಟು ನೋಡಿದರೂ ಅದು 16 ಅಡಿ ಎತ್ತರ ಅಂತ ಮನಸ್ಸಿಗೆ ಬರುವುದು ಎದುರಿಗೆ ನಿಂತಾಗ ತಾನೇ? ಅಳತೆಯ ಆ ಅರಿವು ಇಲ್ಲಿ ಸಿಗುತ್ತದೆ. ಸಂತೋಷದ ವಿಷಯ ಏನೆಂದರೆ ಆ ವಿಡಿಯೊಗಳನ್ನು ಕ್ವೆಸ್ಟ್‌ನಲ್ಲೂ ನೋಡಬಹುದು, 2024ರಿಂದ ಮೆಟಾ ಆ ಸೌಲಭ್ಯ ಕೊಟ್ಟಿದೆ. ಫೋನಿನಲ್ಲಿರುವ ಮೆಟಾ ಆ್ಯಪ್‌ನಿಂದ ಕಳಿಸಿದರೆ ಆಯಿತು. ಇದನ್ನು ಮಗಳಿಗೆ ಹೇಳಿ. ಉಳಿಯುವ ದುಡ್ಡಿನಲ್ಲಿ ಅವರು ಇನ್ನೊಂದು ಸಲ ಊರಿಗೆ ಬಂದು ಹೋಗಬಹುದು.

ಹುಡುಗನ ಆಟಕ್ಕೆ ಕ್ವೆಸ್ಟ್‌ನ ಪೆಟ್ಟಿಗೆಯಲ್ಲೇ ಕೈಯಲ್ಲಿ ಹಿಡಿದು ಆಡುವ ಎರಡು ಕಂಟ್ರೋಲರ್ ಇರುತ್ತವೆ, ವಿಷನ್ ಪ್ರೊ ಪೆಟ್ಟಿಗೆಯಲ್ಲಿ ಇಲ್ಲ. ಓಡಾಡಿ ಆಡಲು ಆರೂವರೆ ಅಡಿಗೆ ಆರೂವರೆ ಅಡಿ ಖಾಲಿ ಜಾಗ ಬೇಕು. ನಿಮ್ಮ ಹಾಲ್‌ನಲ್ಲಿ ಟೀಪಾಯಿ ಸರಿಸಿದರೆ ಸಿಗುತ್ತದೆ. ಗೋಡೆ ಹತ್ತಿರ ಬಂದರೆ ಹೆಡ್‌ಸೆಟ್ಟೇ ಗೆರೆ ತೋರಿಸಿ ಎಚ್ಚರಿಸುತ್ತದೆ, ಆದರೆ ತಲೆ ಮೇಲೆ ತಿರುಗುತ್ತಿರುವ ಫ್ಯಾನು ಅದಕ್ಕೆ ಗೊತ್ತಾಗುವುದಿಲ್ಲ. ಪಿಯುಸಿ ಹುಡುಗ ಎತ್ತರ ಇರುತ್ತಾನೆ, ಕೈ ಮೇಲೆತ್ತಿ ನೆಗೆಯುವ ಆಟಗಳಿವೆ. ಆಡುವಾಗ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಟೇಬಲ್ ಫ್ಯಾನ್ ಹಾಕಿಕೊಳ್ಳಲಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಗೆಯೇ ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಡಾಕ್ಟರನ್ನು ಕೇಳದೆ ಯಾವ ಹೆಡ್‌ಸೆಟ್ಟೂ ಹಾಕಿಸಬೇಡಿ.

ಅಷ್ಟಾದರೂ ಮಗಳು ವಿಷನ್ ಪ್ರೊನೇ ಅಂದರೆ ಮೂರು ವಿಷಯ ನೋಡಿಕೊಳ್ಳಲಿ. ಅಲ್ಲಿ ಕೊಂಡದ್ದನ್ನು 14 ದಿನದೊಳಗೆ ವಾಪಸ್ ಕೊಡಬಹುದು, ಆದರೆ ದಸರಾಕ್ಕೆ ಒಂದು ತಿಂಗಳು ಮೊದಲೇ ಕೊಂಡಿಟ್ಟರೆ ನಿಮ್ಮ ಕೈಗೆ ಬರುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ಮೈಸೂರಿನಲ್ಲಿ ಅದು ಕೆಟ್ಟರೆ ಯಾರು ನೋಡುತ್ತಾರೆ ಅನ್ನುವುದಕ್ಕೆ ಬಿಲ್ ಆಗುವ ಮೊದಲೇ ಉತ್ತರ ಪಡೆಯಲಿ. ವಿಮಾನ ನಿಲ್ದಾಣದಲ್ಲಿ ಬ್ಯಾಗೇಜ್ ಮಿತಿ ದಾಟಿದ ಮೊತ್ತಕ್ಕೆ ಸುಂಕ ಕಟ್ಟಬೇಕು, ಅದನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಯಾವುದನ್ನೇ ಆದರೂ ಮೊದಲು ಅರ್ಧ ಗಂಟೆ ಹಾಕಿಕೊಂಡು ನೋಡಿ ಸರ್. ಮಾಲ್‌ನಲ್ಲಿ ಕುರ್ಚಿ ಮೇಲೆ ಕೂರಿಸಿ ಐದು ನಿಮಿಷ ರೋಲರ್ ಕೋಸ್ಟರ್ ತೋರಿಸುತ್ತಾರಲ್ಲ, ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ಲೆನ್ಸ್ ತುಂಬ ಎಣ್ಣೆ ಬೆರಳಿನ ಗುರುತು, ಪಿಡಿ ಯಾರೂ ಹೊಂದಿಸುವುದಿಲ್ಲ, ತೋರಿಸುವುದೂ ತಲೆಸುತ್ತು ಬರಿಸುವಂಥದ್ದು. ನೆಂಟರಿಷ್ಟರಲ್ಲಿ ಯಾರಲ್ಲಾದರೂ ಕ್ವೆಸ್ಟ್ ಇದ್ದರೆ ಒಂದು ಭಾನುವಾರ ಹೋಗಿ. ನಿಮ್ಮ ಕನ್ನಡಕ ಹಾಕಿಕೊಂಡೇ ಹೋಗಿ. ಹತ್ತು ನಿಮಿಷ ಒಂದು ಕನ್ನಡ ದಿನಪತ್ರಿಕೆಯನ್ನು ಅದರ ಬ್ರೌಸರ್‌ನಲ್ಲಿ ತೆಗೆದು ಓದಿ, ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತಿದೆಯೇ ನೋಡಿ. ಆಮೇಲೆ ಇಪ್ಪತ್ತು ನಿಮಿಷ ಒಂದು ಸಿನಿಮಾ ತುಣುಕು ನೋಡಿ. ತೆಗೆದ ಮೇಲೆ ಹಣೆ ಮುಟ್ಟಿಕೊಳ್ಳಿ, ಕತ್ತು ತಿರುಗಿಸಿ. ಮಾರನೇ ದಿನ ಬೆಳಿಗ್ಗೆ ಮತ್ತೆ ಹಾಕಿಕೊಳ್ಳಬೇಕು ಅನ್ನಿಸಿದರೆ ಧೈರ್ಯವಾಗಿ ತರಿಸಿ.

ಪ್ರಶ್ನೆ: ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ಇದೆ. ಬೆಂಗಳೂರಿನ ಒಬ್ಬರು ಕಂಪ್ಯೂಟರಿಗೆ ಸಿಕ್ಕಿಸಿ ನಡೆಸುವ ತಮ್ಮ ಹಳೆಯ ವ್ಯಾಲ್ವ್ ಇಂಡೆಕ್ಸ್ ಹೆಡ್‌ಸೆಟ್ಟಿನ ಪೂರ್ತಿ ಸೆಟ್ ಮಾರುತ್ತಿದ್ದಾರೆ. ಅದೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಕ್ವೆಸ್ಟ್ 3 ಬರುತ್ತದೆ. ಇಂಡೆಕ್ಸ್ ಒಳ್ಳೆಯದು ಅಂತ ಸ್ನೇಹಿತರು ಹೇಳುತ್ತಾರೆ. (ಮಂಡ್ಯ)

ಉತ್ತರ: ದುಡ್ಡು ಕೊಡುವ ಮೊದಲು ನಿನ್ನ ಲ್ಯಾಪ್‌ಟಾಪ್ ತಿರುಗಿಸಿ ನೋಡಪ್ಪ. ಇಂಡೆಕ್ಸ್‌ಗೆ ಡಿಸ್‌ಪ್ಲೇಪೋರ್ಟ್ ಅನ್ನುವ, ಚಿತ್ರ ಕಳಿಸುವ ಕಿಂಡಿ ಬೇಕೇ ಬೇಕು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಮಾತ್ರ ಇರುತ್ತದೆ, ಅದರಿಂದ ಇಂಡೆಕ್ಸ್ ನಡೆಯುವುದಿಲ್ಲ. ಯುಎಸ್‌ಬಿ-ಸಿ ಕಿಂಡಿಯಿಂದ ಡಿಸ್‌ಪ್ಲೇಪೋರ್ಟ್ ಬರುವುದಾದರೂ ಆ ಕಿಂಡಿ ಎನ್‌ವಿಡಿಯಾ ಚಿಪ್ಪಿಗೇ ನೇರ ಸೇರಿರಬೇಕು. ಕೆಲವು ಮಾದರಿಗಳಲ್ಲಿ ಅದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ ಸೇರಿರುತ್ತದೆ. ಲ್ಯಾಪ್‌ಟಾಪಿನ ಮ್ಯಾನ್ಯುಯಲ್‌ನಲ್ಲಿ ನೋಡು.

ನಿನ್ನ ಸ್ನೇಹಿತರು ಹೇಳುವುದು ಸುಳ್ಳಲ್ಲ. 2019ರಲ್ಲಿ 999 ಡಾಲರ್‌ಗೆ ಬಂದಾಗ ಅದರಂಥದ್ದು ಇನ್ನೊಂದು ಇರಲಿಲ್ಲ. 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ), ಅಗಲವಾದ ನೋಟ, ಕಿವಿಗೆ ತಾಗದೆ ಪಕ್ಕದಲ್ಲಿ ನಿಲ್ಲುವ ಸ್ಪೀಕರು, ಐದೂ ಬೆರಳನ್ನು ಗುರುತಿಸುವ ಕಂಟ್ರೋಲರು. ಆ ಸ್ಪೀಕರಿನ ಧ್ವನಿ ನನಗೆ ಈಗಲೂ ಬಲು ಇಷ್ಟ. ಆದರೆ ಒಂದು ಕಣ್ಣಿಗೆ 1440ಕ್ಕೆ 1600 ಚುಕ್ಕಿ ಮಾತ್ರ, ತೂಕ 809 ಗ್ರಾಂ. ಕೋಣೆಯ ಎದುರುಬದುರು ಮೂಲೆಗಳಲ್ಲಿ ಎರಡು ಬೇಸ್ ಸ್ಟೇಷನ್ (ನೀನು ಎಲ್ಲಿದ್ದೀಯ ಅಂತ ಹೆಡ್‌ಸೆಟ್ಟಿಗೆ ತಿಳಿಯಲು ಬೇಕಾದ ಡಬ್ಬಿಗಳು) ಮೊಳೆ ಹೊಡೆದು ಕೂರಿಸಬೇಕು, ಅವೆರಡಕ್ಕೂ ಕರೆಂಟ್ ಪಾಯಿಂಟ್ ಬೇಕು, ನಿನ್ನ ಹಿಂದೆ ಸದಾ ಒಂದು ಕೇಬಲ್ ಎಳೆದಾಡುತ್ತಿರುತ್ತದೆ. ಬಾಡಿಗೆ ಮನೆಯಾದರೆ ಮೊಳೆಯದೂ ಒಂದು ಮಾತಾಗುತ್ತದೆ.

ಆದರೂ ನೋಡಲು ಹೋಗುವುದಾದರೆ, ಹಾಕಿಕೊಂಡು ಪೂರ್ತಿ ಬಿಳಿ ಪರದೆ ತರಿಸಿ ಒಂದೊಂದೇ ಕಣ್ಣಿನಲ್ಲಿ ನೋಡು. ನಾನು ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಹೆಡ್‌ಸೆಟ್ ಕೊಂಡೆ. ಅಲ್ಲಿ ಕತ್ತಲೆಯ ಆಟ ಒಂದನ್ನು ತೋರಿಸಿದರು, ಎಲ್ಲ ಸರಿಯಾಗಿತ್ತು. ಮನೆಗೆ ತಂದು ಆಕಾಶದ ದೃಶ್ಯ ಹಾಕಿದಾಗ ಬಲಗಣ್ಣಿನ ಪರದೆ ಮೇಲೆ ಹಳದಿ ಕಲೆ ಕಂಡಿತು. ಹಿಂದಿನವರು ಅದನ್ನು ಕಿಟಕಿ ಪಕ್ಕ ಬಿಸಿಲಿಗೆ ಲೆನ್ಸ್ ಮುಖ ಮಾಡಿ ಇಟ್ಟಿದ್ದರು. ಸ್ಕೂಲಿನಲ್ಲಿ ಭೂತಗಾಜು ಹಿಡಿದು ಕಾಗದ ಸುಡುತ್ತಿದ್ದೆವಲ್ಲ, ಅದೇ ಇಲ್ಲೂ ಆಗುವುದು. ಬಿಸಿಲು ಲೆನ್ಸಿನಲ್ಲಿ ಒಂದೇ ಬಿಂದುವಿಗೆ ಸೇರಿ ಒಳಗಿನ ಪರದೆ ಸುಡುತ್ತದೆ, ಕೆಲವೇ ನಿಮಿಷ ಸಾಕು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಆ ನೋವು ನಿನಗೆ ಬೇಡ. ಕಂಟ್ರೋಲರಿನ ಕಡ್ಡಿಯನ್ನು ಮುಟ್ಟದೆ ಬಿಟ್ಟು, ಆಟದಲ್ಲಿ ತಾನೇ ಸರಿಯುತ್ತದೆಯೇ ಅಂತಲೂ ನೋಡು, ಇಂಡೆಕ್ಸ್‌ಗೆ ಆ ಕಾಯಿಲೆ ಸಾಮಾನ್ಯ.

ನನ್ನ ಕೇಳಿದರೆ ಸ್ವಲ್ಪ ತಡೆದು, ದುಡ್ಡು ಸೇರಿಸಿ ಕ್ವೆಸ್ಟ್ 3 ತೆಗೆದುಕೊ. ಲ್ಯಾಪ್‌ಟಾಪ್ ಇಲ್ಲದೆಯೂ ಅದು ನಡೆಯುತ್ತದೆ, ಲ್ಯಾಪ್‌ಟಾಪಿನ ಆಟಗಳನ್ನೂ ವೈ-ಫೈ ಮೂಲಕ ತರಿಸಿಕೊಳ್ಳಬಹುದು. ಅದಕ್ಕೆ ಲ್ಯಾಪ್‌ಟಾಪನ್ನು ರೂಟರಿಗೆ ಲ್ಯಾನ್ ಕೇಬಲ್‌ನಿಂದಲೇ ಸೇರಿಸು, ಹೆಡ್‌ಸೆಟ್ಟು 5 ಗಿಗಾಹರ್ಟ್ಸ್ ವೈ-ಫೈನಲ್ಲಿರಲಿ, ರೂಟರ್ ಅದೇ ಕೋಣೆಯಲ್ಲಿರಲಿ. ರೂಟರಿಗೆ ಪುಟ್ಟ ಯುಪಿಎಸ್ ಇಟ್ಟುಕೊ. ಆಟದ ನಡುವೆ ಕರೆಂಟ್ ಹೋಗಿ ಕಣ್ಣೆದುರಿನ ಚಿತ್ರ ತಟ್ಟನೆ ನಿಂತರೆ ಹೊಟ್ಟೆ ತೊಳಸಿದ ಹಾಗಾಗುತ್ತದೆ.

ಪ್ರಶ್ನೆ: ಮಡಿಕೇರಿ ಬಸ್ಸಿನಲ್ಲಿ ಕುಶಾಲನಗರ ದಾಟಿದರೆ ನನಗೆ ವಾಂತಿ ಶುರು. ನನ್ನಂಥವರು ವಿಆರ್ ಆಸೆ ಬಿಡಬೇಕೆ? (ಸರಸ್ವತಿಪುರಂ, ಮೈಸೂರು)

ಉತ್ತರ: ಬಿಡಬೇಕಿಲ್ಲ, ಆದರೆ ನೋಡುವುದನ್ನು ಆರಿಸಿ ನೋಡಬೇಕು. ಒಳಕಿವಿಯಲ್ಲಿ ದೇಹದ ಅಲುಗಾಟ ತಿಳಿಯುವ ಅಂಗ ಇದೆ. ಬಸ್ಸಿನಲ್ಲಿ ಫೋನ್ ನೋಡುತ್ತಾ ಕೂತರೆ ಕಿವಿ ಅಲುಗುತ್ತಿದ್ದೇವೆ ಎನ್ನುತ್ತದೆ, ಕಣ್ಣು ಇಲ್ಲ ಎನ್ನುತ್ತದೆ. ವಿಆರ್‌ನಲ್ಲಿ ತಿರುಗುಮುರುಗು: ಕಣ್ಣು ಓಡುತ್ತಿದ್ದೇವೆ ಎನ್ನುತ್ತದೆ, ನೀವು ಕುರ್ಚಿಯಲ್ಲೇ ಇರುತ್ತೀರಿ. ಎರಡರಲ್ಲೂ ಜಗಳ ಒಂದೇ. ಹಾಗಾಗಿ ಕಾರು, ವಿಮಾನ ಓಡಿಸುವ ಆಟಗಳು ಬೇಡ. ನೀವು ನಿಂತಲ್ಲೇ ನಿಂತು, ವಸ್ತುಗಳೇ ನಿಮ್ಮ ಕಡೆಗೆ ಬರುವ ಆಟಗಳು, ಸುಮ್ನೆ ಕೂತು ನೋಡುವ ಸಿನಿಮಾ ಪರದೆ, ಇವುಗಳಲ್ಲಿ ಆ ಜಗಳ ಬಹಳ ಕಡಿಮೆ. ತಲೆ ತಿರುಗಿಸಿದ ಮೇಲೆ ಚಿತ್ರ ಹಿಂದೆ ಬೀಳುವ ಹೆಡ್‌ಸೆಟ್ ಆಗಬಾರದು. 20 ಮಿಲಿಸೆಕೆಂಡಿನ ಒಳಗೆ ಚಿತ್ರ ಬದಲಾಗಬೇಕು ಅನ್ನುವುದು ಈ ಕ್ಷೇತ್ರದವರು ಇಟ್ಟುಕೊಂಡ ಗುರಿ, ಸೆಕೆಂಡಿಗೆ 90 ಚಿತ್ರವಾದರೂ ಇರಲಿ. ಫೋನನ್ನು ರಟ್ಟಿನ ಡಬ್ಬಿಗೆ ಸಿಕ್ಕಿಸಿ ನೋಡುವ ಅಗ್ಗದ್ದನ್ನು ನೋಡಿ ನಿಮ್ಮ ಕೈಲಾಗುವುದಿಲ್ಲ ಅಂತ ತೀರ್ಮಾನಿಸಬೇಡಿ, ಅದು ಗಟ್ಟಿ ಹೊಟ್ಟೆಯವರಿಗೂ ತಲೆಸುತ್ತು ಬರಿಸುತ್ತದೆ.

ಮೊದಲ ವಾರ ಐದೇ ನಿಮಿಷ. ಬೆವರು, ಬಾಯಲ್ಲಿ ನೀರು, ಸಣ್ಣ ಸಂಕಟ ಬಂದ ಕೂಡಲೇ ತೆಗೆಯಿರಿ, ಅಭ್ಯಾಸ ಆಗಲಿ ಅಂತ ಹಟ ಮಾಡಬೇಡಿ. ಹಟ ಮಾಡಿದರೆ ಹೆಡ್‌ಸೆಟ್ ನೋಡಿದರೇ ಸಂಕಟ ಬರುವಷ್ಟು ಕೆಡುತ್ತದೆ. ಮುಖಕ್ಕೆ ಗಾಳಿ ಬರುವ ಹಾಗೆ ಟೇಬಲ್ ಫ್ಯಾನ್ ಇಟ್ಟುಕೊಂಡದ್ದು ನನಗೆ ಉಪಯೋಗವಾಯಿತು. ತೆಗೆದ ಮೇಲೆ ತಲೆ ಪೂರ್ತಿ ಸರಿಯಾಗುವ ತನಕ ಸ್ಕೂಟರ್ ಹತ್ತಬೇಡಿ. ಫಿಟ್ಸ್ ಬಂದ ಇತಿಹಾಸ ಇರುವವರು ಡಾಕ್ಟರ್ ಹೇಳದೆ ಹಾಕಿಕೊಳ್ಳಲೇಬಾರದು.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಹುಟ್ಟುಹಬ್ಬಕ್ಕೆ ಅವನ ಸೋದರಮಾವ ಕ್ವೆಸ್ಟ್ ಕೊಡಿಸುತ್ತೇನೆ ಎನ್ನುತ್ತಾನೆ. ಕೊಡಿಸಬಹುದೇ? (ಶ್ರೀರಂಗಪಟ್ಟಣ, ಮಂಡ್ಯ ಜಿಲ್ಲೆ)

ಉತ್ತರ: ಬೇಡಮ್ಮ. ಮೆಟಾ ಕಂಪನಿಯೇ ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಬೇಡ ಎಂದಿದೆ, ಹತ್ತರಿಂದ ಹನ್ನೆರಡರ ತನಕ ತಂದೆತಾಯಿ ನಿಭಾಯಿಸುವ ಖಾತೆಯಲ್ಲಿ ಮಾತ್ರ. ಸೋನಿಯವರು ತಮ್ಮದಕ್ಕೆ 12 ಎನ್ನುತ್ತಾರೆ, ಆಪಲ್ 13. ಎಂಟರ ಮಗುವಿನ ಕಣ್ಣುಗಳ ಅಂತರ ಈ ಲೆನ್ಸುಗಳು ಹೊಂದುವುದಕ್ಕಿಂತ ಕಡಿಮೆ ಇರಬಹುದು, ಮಗುವಿಗೆ ಚಿತ್ರ ಮಸುಕಾಗಿದೆ ಅಂತ ಹೇಳಲೂ ಬರುವುದಿಲ್ಲ. ತೂಕವೂ ಆ ಕತ್ತಿಗೆ ಜಾಸ್ತಿ. ಸೋದರಮಾವನಿಗೆ ಬೇಸರ ಆಗದ ಹಾಗೆ ಹೇಳಿ, ಆ ದುಡ್ಡಿನಲ್ಲಿ ಈ ಸಲ ಒಂದು ಒಳ್ಳೆಯ ಸೈಕಲ್ ಕೊಡಿಸಲಿ.